ಕಪ್ಪು ಪರದೆಯ ಇತಿಹಾಸವೂ ನಮ್ಮ ಪೆನ್‌ಡ್ರೈವೂ



ಕೂಲಿ ಅರಸಿ ಗೋವಾಕ್ಕೆ ಬಂದ ಹಿರಿಯರ ನೆನಪುಗಳನ್ನು ನಾವು ಮೂವರು ಶಿಕ್ಷಕರು ಪರ್ವರಿಯಲ್ಲಿ ಕುಳಿತು ಬರೆದಿಡುತ್ತಿದ್ದೆವು. ಅವರು ಹೇಳುವುದು, ನಾವು ಟೈಪ್ ಮಾಡುವುದು. ಮೂವರೂ ತಿದ್ದುವವರೇ. ಪೆನ್‌ಡ್ರೈವಿನಲ್ಲಿ 'ಕೊನೆಯದು', 'ಕೊನೆಯದು ಹೊಸತು', 'ನಿಜವಾದ ಕೊನೆಯದು' ಎಂದು ಮೂರು ಕಡತ. ಒಂದು ದಿನ ಹಳೆಯದು ಹೊಸದರ ಮೇಲೆ ಕುಳಿತುಬಿಟ್ಟಿತು. ಹನ್ನೊಂದು ಪುಟ ಹೋಯಿತು. ಅದನ್ನು ಹೇಳಿದ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ಕೇಳುವುದು ಯಾರನ್ನು?

"ಸರ್, ಗಿಟ್ ಕಲಿತುಕೊಳ್ಳಿ" ಎಂದ ಹಳೆಯ ವಿದ್ಯಾರ್ಥಿಯೊಬ್ಬ. ಟಿಸಿಎಚ್, ಬಿ.ಎ. ಮಾಡಿದ ನಮಗೆ ಕಪ್ಪು ಪರದೆ ಕಂಡರೆ ಎದೆ ಡವಡವ. ಬಿ.ಎ.ದಲ್ಲಿ ಇತಿಹಾಸ ಓದಿದವರಾದ್ದರಿಂದ, ಆಜ್ಞೆ ಕಲಿಯುವ ಮೊದಲು ಅದರ ಇತಿಹಾಸ ಹುಡುಕಿದೆವು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯೂನಿಕ್ಸ್ ಕಟ್ಟತೊಡಗಿದರು. ಆಗ ಅವರ ಮುಂದಿದ್ದದ್ದು ಪರದೆಯಲ್ಲ, ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್. ಸೆಕೆಂಡಿಗೆ ಹತ್ತೇ ಅಕ್ಷರ! ಅದಕ್ಕೇ ಆಜ್ಞೆಗಳು ಅಷ್ಟು ಗಿಡ್ಡ: ಪಟ್ಟಿ ತೋರಿಸಲು ಎಲ್‌ಎಸ್, ನಕಲಿಗೆ ಸಿಪಿ, ಸ್ಥಳಾಂತರಕ್ಕೆ ಎಂವಿ. ಇದು ತಿಳಿದ ಮೇಲೆ ನಮ್ಮ ಅರ್ಧ ಭಯ ಹೋಯಿತು. ಅದು ಗೂಢಲಿಪಿಯಲ್ಲ, ತಂತಿ ಸಂದೇಶದ ಹಾಗೆ ಅಕ್ಷರ ಉಳಿಸುವ ಉಪಾಯ.

ತಿದ್ದುಪಡಿಗಳ ಲೆಕ್ಕ ಇಡುವ ತಂತ್ರಾಂಶವೂ ಅಲ್ಲೇ ಹುಟ್ಟಿತು. 1972ರಲ್ಲಿ ಮಾರ್ಕ್ ರೋಚ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಮುಂದೆ ಆರ್‌ಸಿಎಸ್, ಸಿವಿಎಸ್, ಸಬ್‌ವರ್ಷನ್ ಬಂದವು. ಲಿನಕ್ಸ್ ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿದ್ದರು. 2005ರಲ್ಲಿ ಅದರ ಉಚಿತ ಬಳಕೆ ನಿಂತಾಗ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ಕ್ಕೆ ಕೆಲಸ ಹಿಡಿದರು. ಏಪ್ರಿಲ್ 7ಕ್ಕೆ ಗಿಟ್ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಕನ್ನಡವೂ ಈ ದಾರಿಯಲ್ಲಿ ಬಂದಿದೆ. ಗ್ನೋಮ್ ಎಂಬ ಗಣಕ ಪರಿಸರವನ್ನು ಕನ್ನಡಕ್ಕೆ ತಂದವರ ಅನುವಾದದ ಕಡತಗಳು 2009ರಲ್ಲಿ ಉಳಿದ ಭಾಷೆಗಳ ಜೊತೆ ಗಿಟ್‌ಗೆ ಸೇರಿದವು.

ಅದರ ರೀತಿ ಶಿಕ್ಷಕರಿಗೆ ಹೊಸದೇನಲ್ಲ. ದಾಖಲಾತಿ ರಿಜಿಸ್ಟರಿನಲ್ಲಿ ವೈಟ್ನರ್ ಹಚ್ಚುವಂತಿಲ್ಲ. ತಪ್ಪನ್ನು ಓದಲು ಬರುವಂತೆ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ದಿನಾಂಕ ಹಾಕಬೇಕು. ಗಿಟ್ ಕಮಿಟ್ ಎಂದರೆ ಆ ಸಹಿ. ಗಿಟ್ ಲಾಗ್ ಎಂದರೆ ರಿಜಿಸ್ಟರ್ ತೆರೆದು ತೋರಿಸುವುದು.

ಆದರೆ ಮೊದಲ ದಿನವೇ ಎಡವಿದೆವು. ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟಿದ್ದೆವು. ಗಿಟ್ ಸ್ಟೇಟಸ್ ಎಂದರೆ ಹೆಸರಿನ ಬದಲು 340, 262, 225 ಎಂದು ಅಂಕಿಗಳ ಸಾಲು! ಕಡತವೇ ಕೆಟ್ಟಿತೆಂದು ಗಾಬರಿ. ಆಮೇಲೆ ತಿಳಿಯಿತು, ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ 'ಕ' ಅಕ್ಷರಕ್ಕೆ ಮೂರು ಬೈಟ್ ಬೇಕು, ಆ ಮೂರನ್ನೇ ಅಷ್ಟಮಾನ ಅಂಕಿಯಲ್ಲಿ ತೋರಿಸುತ್ತಿತ್ತು. 'ಕನ್ನಡ' ಎಂಬ ಪದಕ್ಕೆ ಹದಿನೈದು ಬೈಟ್. ಕೋರ್ ಡಾಟ್ ಕೋಟ್‌ಪಾತ್ ಎಂಬ ಆಯ್ಕೆಯನ್ನು 'ಫಾಲ್ಸ್' ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಇನ್ನೊಂದು ತೊಡಕು ನಮ್ಮದೇ. ಹಳೆಯ ಬರಹಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿದ್ದವು. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಸ, ಯಾವ ಸಾಲು ಬದಲಾಯಿತೆಂದು ಗಿಟ್ ತೋರಿಸಿದರೂ ಓದಲಾಗದು. ಎಲ್ಲವನ್ನೂ ಯೂನಿಕೋಡಿಗೆ ತಂದು, ವರ್ಡ್ ಬಿಟ್ಟು ಬರೀ ಪಠ್ಯ ಕಡತವಾಗಿ ಉಳಿಸಿದೆವು. ಕೀಲಿಮಣೆ ಮಾತ್ರ ಕಲಿತದ್ದೇ. ಕೆ.ಪಿ. ರಾವ್ ಅವರ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಲ್ಲಿ ಸಿಗುತ್ತದೆ.

ಕಾಸರಗೋಡಿನ ಬಂಧುಗಳಿಗೆ ಇದೆಲ್ಲ ಹಳೆಯ ಸುದ್ದಿ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ (2017ರಿಂದ ಕೈಟ್) ಯೋಜನೆಯಿಂದಾಗಿ ಅಲ್ಲಿನ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಾರೆ, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಸೂಯೆಯಾಗುತ್ತದೆ, ಸುಳ್ಳೇಕೆ?

ನಮ್ಮ ಕಡತದಲ್ಲಿ ಈಗ ಹದಿನಾಲ್ಕು ಕಮಿಟ್‌ಗಳಿವೆ. ಅಜ್ಜ ಹೇಳಿದ್ದರಲ್ಲಿ ಮೂರು ಸಂಗತಿ ನಮ್ಮಲ್ಲೊಬ್ಬರಿಗೆ ನೆನಪಿತ್ತು. ಅದನ್ನು ಸೇರಿಸಿ ಅವರು ಬರೆದ ಟಿಪ್ಪಣಿ: "ನೆನಪಿನಿಂದ ಬರೆದದ್ದು. ಮಗಳನ್ನು ಕೇಳಿ ಸರಿನೋಡಬೇಕು." ಭಾನುವಾರ ಅವರ ಮನೆಗೆ ಹೋಗುವುದಿದೆ.