ಹುಳಿಯ ಗಳಿಗೆ: ಗಡಿನಾಡಿನ ಹೆಂಡ ಮತ್ತು ಹುದುಗಿನ ನಿಗಾ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು 1956ರ ನವೆಂಬರ್ 1ರಂದು ಬೀದರ್ ಹಾಗೂ ಗುಲ್ಬರ್ಗಾ ಜಿಲ್ಲೆಗಳಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾದರೂ ಈಚಲು ಮರದ ಸುತ್ತಲಿನ ಪರಿಭಾಷೆ ತ್ರಿಭಾಷಿಕವಾಗಿಯೇ ಉಳಿಯಿತು: ಕನ್ನಡದಲ್ಲಿ ಹೆಂಡ ಅಥವಾ ಕಳ್ಳು, ತೆಲುಗಿನಲ್ಲಿ ಕಲ್ಲು, ದಖನಿಯಲ್ಲಿ ಸೇಂದಿ. ತೆಲುಗಿನ ‘ಪುಲುಪು’ ಮತ್ತು ಕನ್ನಡದ ‘ಹುಳಿ’ ಒಂದೇ ಬೇರಿನವು; ಹಳಗನ್ನಡದ ‘ಪುಳಿ’ಯಲ್ಲಿ ಈ ನಂಟು ಸ್ಪಷ್ಟವಾಗಿ ಕಾಣುತ್ತದೆ.

ಈ ಕಸುಬಿಗೆ ಕನ್ನಡ ಸಾಹಿತ್ಯದಲ್ಲಿ ಹಳೆಯ ಸಾಕ್ಷಿಯಿದೆ. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರಿನಲ್ಲಿಯೇ ಅವನ ಕಾಯಕವಿದೆ. ಶರಣರ ನೆಲೆಯಾಗಿದ್ದ ಕಲ್ಯಾಣ ಈ ಪ್ರದೇಶದ ನೆರೆಯಲ್ಲಿಯೇ ಇದೆ.

ಹುದುಗಿನ ಮೇಲಿನ ನಿಗಾ ಇಲ್ಲಿ ಉಪಕರಣದಿಂದಲ್ಲ, ಗಳಿಗೆಯಿಂದ ನಡೆಯುತ್ತಿತ್ತು. ಮರದಿಂದ ಇಳಿದ ರಸ ಸಿಹಿಯಾಗಿರುತ್ತದೆ. ಗಾಳಿಯಲ್ಲಿಯೂ ಹಳೆಯ ಮಡಕೆಯ ಗೋಡೆಯಲ್ಲಿಯೂ ಇರುವ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಒಂದೆರಡು ದಿನ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ವಿನೆಗರ್ ಮಾಡುತ್ತವೆ. ಮಡಕೆಯೊಳಗೆ ಸುಣ್ಣ ಬಳಿದರೆ ಹುದುಗು ತಡೆಯಲ್ಪಟ್ಟು ನೀರಾ ದೊರೆಯುತ್ತದೆ. ನೊರೆಯ ಪ್ರಮಾಣ, ವಾಸನೆ, ನಾಲಗೆಗೆ ತಾಗುವ ಹುಳಿ: ಇವೇ ಮಾಪನಗಳು. ಪಾತ್ರೆಯ ಬಾಯಿ ತೆರೆದಿರುವುದರಿಂದ ಅನಿಲ ಹೊರಹೋಗುತ್ತದೆ.

ಬಿಯರ್‌ನ ಚರಿತ್ರೆಯಲ್ಲಿ ಇದೇ ನಿಗಾ ಬೇರೊಂದು ರೂಪ ಪಡೆಯಿತು. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಗ್ರಂಥದಲ್ಲಿ ಬಿಯರ್ ಕೆಡುವುದಕ್ಕೆ ಅನ್ಯ ಸೂಕ್ಷ್ಮಜೀವಿಗಳನ್ನು ಕಾರಣವಾಗಿ ಗುರುತಿಸಿದ. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಶುದ್ಧ ಯೀಸ್ಟ್ ಕೃಷಿಯನ್ನು ಸಾಧಿಸಿದ. ಇಂದು ಮನೆಯಲ್ಲಿ ಮೊದಲ ಸಲ ಬಿಯರ್ ಹುದುಗಿಸುವವರು ಪಾತ್ರೆಗಳನ್ನು ಶುಚಿಗೊಳಿಸಿ, ಹೈಡ್ರೋಮೀಟರ್‌ನಲ್ಲಿ ಸಾಂದ್ರತೆ ಕೆಲವು ದಿನ ಒಂದೇ ಅಂಕದಲ್ಲಿ ನಿಂತ ಮೇಲೆಯೇ ಸೀಸೆ ತುಂಬುತ್ತಾರೆ. ಅವಸರಿಸಿದರೆ ಅನಿಲದ ಒತ್ತಡಕ್ಕೆ ಸೀಸೆ ಸಿಡಿಯುತ್ತದೆ. ತೆರೆದ ಮಡಕೆಗೆ ಆ ಅಪಾಯವಿಲ್ಲ. ಆದರೆ ಎರಡೂ ಕಡೆ ಸುರಕ್ಷತೆ ನಿಂತಿರುವುದು ಹುದುಗಿನ ಹಂತವನ್ನು ಗುರುತಿಸುವುದರ ಮೇಲೆಯೇ.

ಪ್ರಭುತ್ವದ ನಿಗಾ ಬೇರೆ ಬಗೆಯದು. ನಿಜಾಮರ ಆಡಳಿತಕ್ಕೆ ಅಬಕಾರಿ ಪ್ರಮುಖ ಆದಾಯಮೂಲವಾಗಿತ್ತು. ಅದರ ಉರ್ದು ಕಡತಗಳಿಗೆ ಬೇಕಾದದ್ದು ಗುತ್ತಿಗೆ ಮತ್ತು ಹಣದ ಲೆಕ್ಕ. ಮಡಕೆಯ ಗಳಿಗೆಯನ್ನು ಅರಿತವನು ಮರ ಹತ್ತುವವನು ಮಾತ್ರ.

ಆ ಅರಿವು ಪೂರೈಕೆಯ ಸರಪಳಿಯಿಂದ ಕಳಚಿದಾಗ ಏನಾಗುತ್ತದೆ ಎಂಬುದನ್ನು ತೆಲಂಗಾಣ ಕಂಡಿದೆ. ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಬೆರೆಸಿದ ಕಲಬೆರಕೆ ಕಲ್ಲು ಕುಡಿದವರು ಅದಕ್ಕೆ ದಾಸರಾಗಿದ್ದಾರೆ. ಅದು ಏಕಾಏಕಿ ದೊರೆಯದಾದಾಗ ಸೆಳವು, ಭ್ರಮೆಗಳಿಂದ ಆಸ್ಪತ್ರೆ ಸೇರಿದ್ದಾರೆ. ನೊರೆ, ವಾಸನೆಗಳು ಹುದುಗಿನ ಹಂತವನ್ನು ಹೇಳುತ್ತವೆಯೇ ಹೊರತು ಬೆರೆತ ಔಷಧವನ್ನಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಮರ ಮತ್ತು ಕುಡಿಯುವವನ ನಡುವಿನ ಅಂತರ ಹೆಚ್ಚಿದಷ್ಟೂ ನಾಲಗೆಯ ಸಾಕ್ಷ್ಯ ದುರ್ಬಲವಾಗುತ್ತದೆ. ಗಡಿನಾಡಿನ ಮೂರು ಭಾಷೆಗಳ ಹುಳಿಯ ಪದಗಳನ್ನು ಸಂಗ್ರಹಿಸುವುದೆಂದರೆ ಆ ಅಂತರ ಇನ್ನೂ ಕಿರಿದಾಗಿದ್ದ ಕಾಲದ ಜ್ಞಾನವನ್ನು ದಾಖಲಿಸುವುದು.