ವಿಕಿರಣಶೋಧಕಗಳ ಅವಸಾನ: ಕಾಫಿಗಿರಿಗಳ ನೆಲೆಯಿಂದ ಒಂದು ಚಾರಿತ್ರಿಕ ವಿವೇಚನೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಚರಿತ್ರೆಯನ್ನು ಬರೆದವರು ಬಾಬಾಬುಡನರು ತಂದರೆಂದು ಹೇಳಲಾಗುವ ಕಾಫಿಬೀಜದಿಂದ ತೊಡಗಿ ತೋಟಗಳ ಏಳುಬೀಳುಗಳನ್ನೂ ಕುದುರೆಮುಖದ ಅದಿರಿನ ವೃತ್ತಾಂತವನ್ನೂ ವಿಸ್ತಾರವಾಗಿ ನಿರೂಪಿಸಿರುವರಾದರೂ, ಇದೇ ಗಿರಿಗಳ ಪಾದದಲ್ಲಿ ಅಡಗಿರುವ ಯುರೇನಿಯಂಯುಕ್ತ ಶಿಲೆಗಳನ್ನು ಅರಸಲು ನೆರವಾದ ಉಪಕರಣಗಳ ಕಡೆಗೆ ಅವರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಆ ಉಪಕರಣಗಳು ಬಂದ ಬಗೆ ಹೇಗೆ ಚರಿತ್ರೆಯೋ, ಅವು ಜೀರ್ಣವಾದ ಮೇಲೆ ಎಲ್ಲಿ ಸೇರಬೇಕೆಂಬುದೂ ಹಾಗೆಯೇ ಚರಿತ್ರೆಯ ವಿಷಯವೆಂಬುದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

1928ರಲ್ಲಿ ಜರ್ಮನಿಯ ಗೈಗರ್ ಮತ್ತು ಮ್ಯುಲರ್ ವಿಕಿರಣವನ್ನು ಎಣಿಸುವ, ತಮ್ಮ ಹೆಸರಿನ ಗಣಕನಳಿಗೆಯನ್ನು ರೂಪಿಸಿದ ಬಳಿಕ ಹತ್ತು ಹನ್ನೆರಡು ವರ್ಷಗಳೊಳಗೇ ಆ ವಿದ್ಯೆ ಕನ್ನಡನಾಡನ್ನು ಮುಟ್ಟಿತು. ವಿಶ್ವಕಿರಣಗಳನ್ನು ಅಳೆಯಲು ಅಮೆರಿಕದ ಮಿಲಿಕನ್ ತಮ್ಮ ಸಂಗಡಿಗರೊಡನೆ ಬೆಂಗಳೂರಿನಿಂದ ಬಲೂನುಗಳನ್ನು ಹಾರಿಸಿದರು. ಅದೇ ಕಾಲದಲ್ಲಿ ಅಲ್ಲಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ ಹೋಮಿ ಭಾಭಾ ವಿಶ್ವಕಿರಣ ಸಂಶೋಧನೆಗೆ ಅಡಿಗಲ್ಲಿಟ್ಟರು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಗರ್ಭದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವು ದೊರೆಯಿತು. ಈ ನಡುವೆ 1949ರಲ್ಲಿ ಡಿ. ಎನ್. ವಾಡಿಯಾರ ಮಾರ್ಗದರ್ಶನದಲ್ಲಿ ಆರಂಭವಾದ ವಿರಳ ಖನಿಜಗಳ ಸರ್ವೇಕ್ಷಣ ಘಟಕವೇ ಮುಂದೆ ಪರಮಾಣು ಖನಿಜಗಳ ಸಂಸ್ಥೆಯಾಗಿ ಬೆಳೆಯಿತು. ಬಾಬಾಬುಡನ್ ಶಿಲಾಸಮೂಹದ ತಳದಲ್ಲಿರುವ ಬೆಣಚುಗಲ್ಲಿನ ಉರುಟು ಹರಳುಗಳ ಪದರದಲ್ಲಿ, ಚಿಕ್ಕಮಗಳೂರಿನ ಆಸುಪಾಸಿನಲ್ಲಿಯೂ ಕುದುರೆಮುಖ ಶ್ರೇಣಿಯ ವಾಲಿಕುಂಜದ ಬಳಿಯಲ್ಲಿಯೂ, ಯುರೇನಿಯಂ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಇಂತಹ ಅನ್ವೇಷಣೆಯಲ್ಲಿ ಗೈಗರ್ ಗಣಕವೂ ಮಿನುಗುಗಣಕವೂ ಭೂವಿಜ್ಞಾನಿಯ ನಿತ್ಯದ ಸಂಗಾತಿಗಳು.

ಮಿನುಗುಗಣಕದ ಹೃದಯವು ಸೋಡಿಯಂ ಅಯೊಡೈಡಿನ ಸ್ಫಟಿಕ. 1948ರಲ್ಲಿ ಹಾಫ್‌ಸ್ಟಾಟರ್ ಪ್ರಚಾರಕ್ಕೆ ತಂದ ಈ ಸ್ಫಟಿಕದಲ್ಲಿ ಕಿಂಚಿತ್ ಥ್ಯಾಲಿಯಂ ಬೆರೆತಿರುತ್ತದೆ. ವಿಕಿರಣ ತಾಗಿದಾಗ ಮಿಂಚುವ ಗುಣ ಬರುವುದು ಅದರಿಂದಲೇ, ಒಡೆದ ಚೂರು ವಿಷಕರವಾಗುವುದೂ ಅದರಿಂದಲೇ. ಸ್ಫಟಿಕಕ್ಕೆ ತೇವ ಸಲ್ಲದಾದ್ದರಿಂದ ಅದನ್ನು ಅಲ್ಯೂಮಿನಿಯಂ ಕವಚದೊಳಗೆ ಗಾಜಿನ ಕಿಟಕಿಯಿಟ್ಟು ಗಾಳಿಯಾಡದಂತೆ ಮುಚ್ಚಿರುತ್ತಾರೆ. ಮಲೆನಾಡಿನ ಆಷಾಢ ಶ್ರಾವಣಗಳ ಹವೆಯಲ್ಲಿ ಆ ಕವಚವು ಎಲ್ಲಿಯಾದರೂ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ಸ್ವಚ್ಛವಾಗಿದ್ದ ಸ್ಫಟಿಕ ಹಳದಿಗೆ ತಿರುಗಿ, ಬೆಳಕನ್ನು ತಾನೇ ನುಂಗಿಕೊಂಡು ನಿರುಪಯುಕ್ತವಾಗುತ್ತದೆ. ಉಪಕರಣದ ಕಾರ್ಯ ಅಲ್ಲಿಗೆ ಮುಗಿಯಿತಾದರೂ ಥ್ಯಾಲಿಯಮ್ಮಿನ ವಿಷವಾಗಲಿ ಹೊರಗಿನ ವಿಕಿರಣವನ್ನು ತಡೆಯಲು ಸುತ್ತ ಇಟ್ಟ ಸೀಸವಾಗಲಿ ಅದರೊಡನೆ ಮುಗಿಯುವುದಿಲ್ಲ.

ಇದಕ್ಕಿಂತಲೂ ಎಚ್ಚರ ಬೇಕಾದುದು ನ್ಯೂಟ್ರಾನುಗಳನ್ನು ಎಣಿಸುವ ಹಳೆಯ ನಳಿಗೆ. ನಡುವೆ ಎಳೆದು ಕಟ್ಟಿದ ಸೂಕ್ಷ್ಮ ತಂತಿಯೊಂದರ ಸುತ್ತ ಬೋರಾನ್ ಟ್ರೈಫ್ಲೋರೈಡ್ ಅನಿಲ ತುಂಬಿದ ಈ ಲೋಹದ ಕೊಳವೆ ನೋಡುವುದಕ್ಕೆ ತೀರ ನಿರಪಾಯಕರ. ಆದರೆ ಕೊಳವೆಯನ್ನು ಕೊಯ್ದ ಮರುಕ್ಷಣವೇ ಅನಿಲವು ತೇವದ ಗಾಳಿಯೊಡನೆ ಕೂಡಿ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುವ ಬಿಳಿಯ ಧೂಮವಾಗುತ್ತದೆ. ಕೃಷಿಸಂಶೋಧನೆಯಲ್ಲಿ ಮಣ್ಣಿನ ತೇವವನ್ನು ಅಳೆಯಲು ಬಳಕೆಗೆ ಬಂದ ನ್ಯೂಟ್ರಾನ್ ಮಾಪಕಗಳಲ್ಲಿ ಇಂತಹ ಶೋಧಕದ ಜೊತೆಗೆ ಅಮೆರಿಸಿಯಂ ಮತ್ತು ಬೆರಿಲಿಯಂ ಸೇರಿದ ವಿಕಿರಣಮೂಲವೂ ಇರುವುದುಂಟು. ಅಮೆರಿಸಿಯಮ್ಮಿನ ಅರ್ಧಾಯುಷ್ಯ ಸುಮಾರು 432 ವರ್ಷ. ಉಪಕರಣವನ್ನು ಕೊಂಡ ಸಂಸ್ಥೆಯ ಆಯುಷ್ಯವನ್ನೂ ಮೀರಬಹುದಾದ ಅವಧಿಯಿದು.

ಅಷ್ಟು ಕಾಲದಲ್ಲಿ ಮರೆವು ಸಹಜ; ಆ ಮರೆವಿನ ಪರಿಣಾಮವೇನೆಂಬುದಕ್ಕೆ ನಮ್ಮ ದೇಶದಲ್ಲಿಯೇ ದೃಷ್ಟಾಂತವುಂಟು. ದೆಹಲಿ ವಿಶ್ವವಿದ್ಯಾನಿಲಯವು 1968ರಲ್ಲಿ ಕೆನಡಾದಿಂದ ತರಿಸಿದ, 1985ರಿಂದ ಬಳಕೆ ತಪ್ಪಿದ್ದ, ಗಾಮಾಕಿರಣ ಬೀರುವ ಗಾಮಾಕೋಶವೆಂಬ ಉಪಕರಣವು 2010ರಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿ ಅಂಗಡಿಯನ್ನು ಸೇರಿತು. ಅದರೊಳಗಿದ್ದ ಕೋಬಾಲ್ಟ್-60ರ ವಿಕಿರಣಕ್ಕೆ ಸಿಕ್ಕಿ ಹಲವರು ಅಸ್ವಸ್ಥರಾದರು, ಒಬ್ಬ ಕಾರ್ಮಿಕ ಪ್ರಾಣವನ್ನೇ ಕಳೆದುಕೊಂಡ. ಅದು ಶೋಧಕವಲ್ಲ, ವಿಕಿರಣಮೂಲ. ಆದರೂ ಒಳಗೇನಿದೆಯೆಂದು ತಿಳಿದವರು ನಿವೃತ್ತರಾಗಿ, ತಿಳಿಯದವರು ಉಗ್ರಾಣವನ್ನು ತೆರವು ಮಾಡುವ ಪ್ರಮಾದವು ಎರಡಕ್ಕೂ ಸಮಾನ.

ಶಾಸನಗಳಿಗೆ ಕೊರತೆಯಿಲ್ಲ. 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೂ 1987ರಲ್ಲಿ ವಿಕಿರಣಶೀಲ ತ್ಯಾಜ್ಯಗಳ ಸುರಕ್ಷಿತ ವಿಲೇವಾರಿಯ ನಿಯಮಗಳೂ ಬಂದವು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ 2022ರ ಇ-ತ್ಯಾಜ್ಯ ನಿಯಮಗಳೂ ಅನಂತರದವು. ತೊಡಕಿರುವುದು ಬೇರೆಡೆ: ಈ ಕಡೆಯ ಎರಡೂ ನಿಯಮಾವಳಿಗಳು ವಿಕಿರಣಶೀಲ ವಸ್ತುವನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಒಂದೇ ಪೆಟ್ಟಿಗೆಯಲ್ಲಿರುವ ವಿಕಿರಣಮೂಲವು ಒಂದು ಶಾಸನಕ್ಕೂ, ವಿಷಾನಿಲವೂ ಸೀಸವೂ ಮತ್ತೊಂದಕ್ಕೂ, ವಿದ್ಯುನ್ಮಂಡಲವು ಮೂರನೆಯದಕ್ಕೂ ಸೇರುತ್ತವೆ. ಆದಕಾರಣ ಮೊದಲು ವಿಕಿರಣಮೂಲವನ್ನು ಅರ್ಹರಿಂದ ಬೇರ್ಪಡಿಸಿ, ಮಂಡಳಿಯ ಅನುಮತಿಯೊಡನೆ ಸರಬರಾಜುದಾರನಿಗೋ ನಿಯುಕ್ತ ವಿಲೇವಾರಿ ಕೇಂದ್ರಕ್ಕೋ ಒಪ್ಪಿಸಬೇಕು; ಅನಿಲನಳಿಗೆಯನ್ನು ಒಡೆಯದೆ, ಕೊಯ್ಯದೆ, ಸ್ಫಟಿಕವನ್ನು ಕವಚದಿಂದ ಬಿಚ್ಚದೆ, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿಯುಳ್ಳವರಿಗೆ ಕೊಡಬೇಕು; ವಿಕಿರಣಶೀಲ ವಸ್ತುವಿನ ಲೇಪವಿಲ್ಲವೆಂದು ಪರೀಕ್ಷಿಸಿ ತಿಳಿದ ಮೇಲೆಯೇ ಉಳಿದ ಭಾಗಗಳು ಮರುಬಳಕೆಗೆ ಹೋಗಬೇಕು.

ಇದಿಷ್ಟೂ ನಡೆಯುವುದು ಪೆಟ್ಟಿಗೆಯೊಳಗೇನಿದೆಯೆಂದು ಬರೆದಿಟ್ಟ ದಾಖಲೆಯಿದ್ದರೆ ಮಾತ್ರ. ಕಾಫಿನಾಡಿನ ಕಾಲೇಜುಗಳೂ ಆಸ್ಪತ್ರೆಗಳೂ ಸಂಶೋಧನಾಲಯಗಳೂ ತಮ್ಮ ಉಗ್ರಾಣದಲ್ಲಿರುವ ಇಂತಹ ಪ್ರತಿಯೊಂದು ಉಪಕರಣದ ಹೆಸರು, ಒಳವಸ್ತು, ಬಂದ ವರ್ಷಗಳನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಲಿ. ಆ ನಮೂದನ್ನು ನೋಡದೆ ಒಂದನ್ನೂ ಹರಾಜಿಗಿಡದಿರಲಿ.