ಅಪಸ್ಮಾರ: ರೋಗಿಗಳು ಬರೆಸಿದ ಮಿದುಳಿನ ನಕ್ಷೆ

ಅಪಸ್ಮಾರ ಎಂಬ ಪದವನ್ನು ಬಿಡಿಸಿ ನೋಡಿದರೆ ಒಳಗೆ ಸ್ಮರಣೆ ಇದೆ. ಸ್ಮೃತಿ ತಪ್ಪಿಹೋಗುವುದೇ ಅಪಸ್ಮಾರ ಎಂದು ಚರಕ ಸಂಹಿತೆ ಹೇಳುತ್ತದೆ. ನಟರಾಜನ ಕಾಲಡಿಯಲ್ಲಿ ಬಿದ್ದಿರುವ ಕುಳ್ಳನ ಹೆಸರೂ ಅದೇ. ಆಡುಮಾತಿನಲ್ಲಿ ನಾವು ಮೂರ್ಛೆರೋಗ ಎನ್ನುತ್ತೇವೆ, ಫಿಟ್ಸ್ ಎನ್ನುತ್ತೇವೆ. ದಾರಿಯಲ್ಲಿ ಯಾರಾದರೂ ಸೆಳವು ಬಂದು ಬಿದ್ದರೆ ಇಂದಿಗೂ ಯಾರೋ ಒಬ್ಬರು ಬೀಗದ ಕೈಗೊಂಚಲನ್ನು ಅವರ ಮುಷ್ಟಿಗೆ ತುರುಕುತ್ತಾರೆ. ಕಬ್ಬಿಣಕ್ಕೂ ಸೆಳವಿಗೂ ಸಂಬಂಧವಿಲ್ಲ. ಸೆಳವು ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಮಾತ್ರ ಬೀಗದ ಕೈಗೆ ಹೋಗುತ್ತದೆ.

ಈ ರೋಗಕ್ಕೆ ನಿಜವಾದ ಔಷಧಿ ಸಿಕ್ಕಿ ಇನ್ನೂ ಇನ್ನೂರು ವರ್ಷವಾಗಿಲ್ಲ. 1857ರಲ್ಲಿ ಬ್ರೋಮೈಡ್, 1912ರಲ್ಲಿ ಫಿನೊಬಾರ್ಬಿಟೋನ್, 1938ರಲ್ಲಿ ಫೆನಿಟಾಯ್ನ್ ಬಂದವು. ಆಮೇಲೆ ಹತ್ತಾರು ಹೊಸ ಮಾತ್ರೆಗಳು ಬಂದಿವೆ. ಆದರೂ 2000ನೇ ಇಸವಿಯಲ್ಲಿ ಗ್ಲಾಸ್ಗೋದ ವೈದ್ಯರು 525 ರೋಗಿಗಳ ಲೆಕ್ಕ ತೆಗೆದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಲ್ಲಿ ಸೆಳವು ಹತೋಟಿಗೆ ಬಂದಿರಲಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿಗಳು ಸೋತರೆ ಮೂರನೆಯದು ಗೆಲ್ಲುವ ಸಂಭವ ಕಡಿಮೆ. ಹೀಗೆ ಔಷಧಿಗೆ ಬಗ್ಗದ ಅಪಸ್ಮಾರ ಉಳ್ಳವರಿಗಾಗಿಯೇ ಮಿದುಳಿನ ಶಸ್ತ್ರಚಿಕಿತ್ಸೆ ಹುಟ್ಟಿಕೊಂಡಿತು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರವೈದ್ಯರ ಹೆಸರುಗಳನ್ನು ಪೋಣಿಸಿ ಹೇಳುತ್ತಾರೆ. ಓದುತ್ತಾ ಹೋದಂತೆ ನನ್ನನ್ನು ಕಾಡಿದ್ದು ಮೇಜಿನ ಮೇಲೆ ಮಲಗಿದವರು. ಕೈ ಎಲ್ಲಿಂದ ಆಡುತ್ತದೆ, ಮಾತು ಎಲ್ಲಿಂದ ಹೊರಡುತ್ತದೆ, ನೆನಪು ಎಲ್ಲಿ ಕೂಡಿಕೊಳ್ಳುತ್ತದೆ ಎಂದು ಇವತ್ತು ಪಠ್ಯಪುಸ್ತಕಗಳು ಬಣ್ಣ ಹಚ್ಚಿ ತೋರಿಸುವ ಮಿದುಳಿನ ನಕ್ಷೆಯಲ್ಲಿ ದೊಡ್ಡ ಪಾಲು ಅಪಸ್ಮಾರದ ರೋಗಿಗಳಿಂದ ಬಂದದ್ದು. ಅವರಲ್ಲಿ ಕೆಲವರು ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಮೊದಲ ಗೆರೆ ಎಳೆದದ್ದು ಕತ್ತಿಯಲ್ಲ, ಕಣ್ಣು. 19ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಸೆಳವು ಬಂದವರನ್ನು ಸುಮ್ಮನೆ ನೋಡುತ್ತಾ ಕೂರುತ್ತಿದ್ದರು. ಕೆಲವರಲ್ಲಿ ಸೆಳವು ಹೆಬ್ಬೆರಳಿನಲ್ಲಿ ಶುರುವಾಗಿ ಅಂಗೈಗೆ, ಅಲ್ಲಿಂದ ತೋಳಿಗೆ, ಮುಖಕ್ಕೆ, ಕಾಲಿಗೆ ಹಬ್ಬುತ್ತಿತ್ತು. ಅವರ ಪತ್ನಿ ಎಲಿಜಬೆತ್‌ಗೂ ಕಡೆಗಾಲದ ಕಾಯಿಲೆಯಲ್ಲಿ ಇದೇ ಬಗೆಯ ಸೆಳವು ಬರುತ್ತಿತ್ತು. 1876ರಲ್ಲಿ ಅವರು ತೀರಿಕೊಂಡರು. ಸೆಳವು ಒಂದು ಕ್ರಮದಲ್ಲಿ ನಡೆಯುತ್ತದೆ ಎಂದಮೇಲೆ, ಮಿದುಳಿನ ಮೇಲ್ಪದರದಲ್ಲೂ ಕೈಗೊಂದು ಜಾಗ, ಅದರ ಪಕ್ಕದಲ್ಲಿ ಮುಖಕ್ಕೊಂದು ಜಾಗ ಇರಲೇಬೇಕು ಎಂದು ಜಾಕ್ಸನ್ ತರ್ಕಿಸಿದರು. ತಲೆಬುರುಡೆಯನ್ನು ತೆರೆಯದೆಯೇ, ರೋಗಿಯ ದೇಹವನ್ನು ಓದಿ ಅವರು ಒಳಗಿನ ಊರಿನ ಬೀದಿಗಳನ್ನು ಊಹಿಸಿದ್ದರು.

ಆ ಊಹೆಗೆ ಪುರಾವೆ ಬೇಕಿತ್ತು. 1870ರಲ್ಲಿ ಬರ್ಲಿನ್ನಿನಲ್ಲಿ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬ ಇಬ್ಬರು ನಾಯಿಯ ಮಿದುಳಿಗೆ ವಿದ್ಯುತ್ ಮುಟ್ಟಿಸಿ ಅದರ ಕಾಲು ಆಡುವುದನ್ನು ಕಂಡರು. ಇಂಗ್ಲೆಂಡಿನ ಡೇವಿಡ್ ಫೆರಿಯರ್ ಮಂಗಗಳ ಮೇಲೆ ಇನ್ನೂ ವಿವರವಾಗಿ ಪ್ರಯೋಗ ಮಾಡಿದರು. ಮನುಷ್ಯರ ಸರದಿ 1874ರಲ್ಲಿ ಬಂತು. ಅಮೆರಿಕದ ಸಿನ್ಸಿನಾಟಿಯಲ್ಲಿ ಮೇರಿ ರಾಫರ್ಟಿ ಎಂಬ ಮನೆಗೆಲಸದ ಹೆಂಗಸು ತಲೆಯ ಹುಣ್ಣಿನಿಂದ ಆಸ್ಪತ್ರೆ ಸೇರಿದ್ದರು. ಹುಣ್ಣು ಬುರುಡೆಯ ಮೂಳೆಯನ್ನು ತಿಂದು ಮಿದುಳು ಹೊರಗೆ ಕಾಣುತ್ತಿತ್ತು. ರಾಬರ್ಟ್ಸ್ ಬಾರ್ತೊಲೊ ಎಂಬ ವೈದ್ಯರು ಅದರೊಳಗೆ ಸೂಜಿ ಇಳಿಸಿ ವಿದ್ಯುತ್ ಹರಿಸಿದರು. ಕೈಕಾಲು ಆಡಿದವು. ವಿದ್ಯುತ್ ಹೆಚ್ಚಿಸಿದಾಗ ಆಕೆಗೆ ಸೆಳವೇ ಬಂತು, ಕೆಲವೇ ದಿನಗಳಲ್ಲಿ ಆಕೆ ಸತ್ತರು. ವೈದ್ಯಲೋಕ ಖಂಡಿಸಿತು, ಬಾರ್ತೊಲೊ ವಿಷಾದ ಸೂಚಿಸಿದರು. ಆದರೆ ಅವರು ಬರೆದಿಟ್ಟ ಫಲಿತಾಂಶವನ್ನು ವಿಜ್ಞಾನ ಬಿಸಾಡಲಿಲ್ಲ. ಆ ಪ್ರಯೋಗ ಆಕೆಯ ಕಾಯಿಲೆಯನ್ನು ವಾಸಿಮಾಡಲೆಂದು ನಡೆದದ್ದಲ್ಲ.

1886ರ ಮೇ 25ರಂದು ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಇದೇ ತಿಳಿವಳಿಕೆ ಒಬ್ಬ ರೋಗಿಯ ಪರವಾಗಿ ಬಳಕೆಯಾಯಿತು. ವೈದ್ಯ ದಾಖಲೆಯಲ್ಲಿ ಜೇಮ್ಸ್ ಬಿ. ಎಂದಷ್ಟೇ ಉಳಿದಿರುವ 22ರ ಸ್ಕಾಟಿಷ್ ತರುಣ ಚಿಕ್ಕಂದಿನಲ್ಲಿ ಎಡಿನ್‌ಬರೋದ ಬೀದಿಯಲ್ಲಿ ಕುದುರೆಗಾಡಿಗೆ ಸಿಕ್ಕಿ ತಲೆ ಒಡೆದುಕೊಂಡಿದ್ದರು. ಆ ಗಾಯದ ಕಲೆ ಮಿದುಳಿನ ಮೇಲೆ ಉಳಿದು ಸೆಳವು ಹುಟ್ಟಿಸುತ್ತಿತ್ತು. ವಿಕ್ಟರ್ ಹಾರ್ಸ್ಲಿ ಕಲೆಯನ್ನು ಕತ್ತರಿಸಿ ತೆಗೆದರು. ಜಾಕ್ಸನ್ ಮತ್ತು ಫೆರಿಯರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಸೆಳವು ನಿಂತಿತು.

ಹಾರ್ಸ್ಲಿಗೆ ದಾರಿ ತೋರಿಸಲು ಹೊರಗಿನ ಗಾಯದ ಗುರುತಿತ್ತು. ಗಾಯವೇ ಇಲ್ಲದವರ ಮಿದುಳಿನಲ್ಲಿ ಸೆಳವಿನ ಮೂಲವನ್ನು ಹುಡುಕುವುದು ಹೇಗೆ? ಒಂದು ಉಪಾಯವನ್ನು ಜರ್ಮನಿಯ ಹಾನ್ಸ್ ಬರ್ಗರ್ ಕೊಟ್ಟರು. ನೆತ್ತಿಯ ಮೇಲೆ ತಂತಿಗಳನ್ನಿಟ್ಟು ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿಸುವ ಇಇಜಿ ತಂತ್ರವನ್ನು ಅವರು 1929ರಲ್ಲಿ ಪ್ರಕಟಿಸಿದರು. ಇನ್ನೊಂದು ಉಪಾಯ ರೋಗಿಯನ್ನೇ ಕೇಳುವುದು. ಅದನ್ನು ಬ್ರೆಸ್ಲಾವಿನ ಓಟ್‌ಫ್ರಿಡ್ ಫಾರ್ಸ್ಟರ್ ಅವರಿಂದ ಕಲಿತು ದೊಡ್ಡದಾಗಿ ಬೆಳೆಸಿದವರು ವೈಲ್ಡರ್ ಪೆನ್‌ಫೀಲ್ಡ್.

ಪೆನ್‌ಫೀಲ್ಡ್ 1934ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನರವಿಜ್ಞಾನದ ಸಂಸ್ಥೆಯೊಂದನ್ನು ಕಟ್ಟಿದರು. ಅಲ್ಲಿ ರೋಗಿಗಳು ಎಚ್ಚರವಾಗಿಯೇ ಮಲಗಿರುತ್ತಿದ್ದರು. ಮಿದುಳಿಗೆ ನೋವು ಗೊತ್ತಾಗುವುದಿಲ್ಲ, ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಪೆನ್‌ಫೀಲ್ಡ್ ಸಣ್ಣ ವಿದ್ಯುತ್ ಕಡ್ಡಿಯಿಂದ ಒಂದೊಂದೇ ಜಾಗವನ್ನು ಮುಟ್ಟುತ್ತಿದ್ದರು. ರೋಗಿ ಬೆರಳು ಜುಮ್ಮೆಂದಿತು ಎನ್ನಬಹುದು, ನಾಲಿಗೆ ಎಳೆಯಿತು ಎನ್ನಬಹುದು, ಎದುರಿಗಿಟ್ಟ ಚಿತ್ರದ ಹೆಸರು ಬಾಯಿಗೆ ಬರದೆ ತಡವರಿಸಬಹುದು. ಹೇಳಿದ್ದನ್ನೆಲ್ಲ ಬರೆದುಕೊಂಡು, ಮುಟ್ಟಿದ ಜಾಗದ ಮೇಲೆ ಅಂಕಿ ಬರೆದ ಪುಟ್ಟ ಚೀಟಿ ಇಡುತ್ತಿದ್ದರು. ಕೆಲವರಿಗೆ ಹಳೆಯ ಹಾಡು ಕೇಳಿಸಿತು, ಮರೆತುಹೋದ ಕೋಣೆ ಕಂಡಿತು. ಸೆಳವಿನ ಮುನ್ಸೂಚನೆ ಯಾವ ಜಾಗದಲ್ಲಿ ಮರುಕಳಿಸುತ್ತದೋ ಅಲ್ಲಿ ರೋಗದ ಬೇರು ಇರಬಹುದು. ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ಕತ್ತಿ ಹೋಗಬಾರದು. 1937ರ ಹೊತ್ತಿಗೆ ದೊಡ್ಡ ತುಟಿ, ದೊಡ್ಡ ಕೈಗಳ ಆ ವಿಚಿತ್ರ ಮನುಷ್ಯನ ಚಿತ್ರ ಸಿದ್ಧವಾಯಿತು. ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಆ ಚಿತ್ರಕ್ಕೆ ಮಾಹಿತಿ ಕೊಟ್ಟವರು ತಮ್ಮ ರೋಗ ವಾಸಿಯಾದೀತೆಂದು ಬಂದ ಜನ.

ಪೆನ್‌ಫೀಲ್ಡ್ ಅವರ ಅಕ್ಕ ರೂತ್ ಅವರಲ್ಲೊಬ್ಬರು. ಬಹುಕಾಲ ಅವರನ್ನು ಕಾಡಿದ ಸೆಳವಿಗೆ ಮಿದುಳಿನ ಗೆಡ್ಡೆ ಕಾರಣವೆಂದು ತಿಳಿದಾಗ, 1928ರಲ್ಲಿ ತಮ್ಮನೇ ಕತ್ತಿ ಹಿಡಿದು ಮಿದುಳಿನ ಬಲಬದಿಯ ಮುಂಭಾಗದ ಬಹುಪಾಲನ್ನು ತೆಗೆದರು. ರೂತ್ ಚೇತರಿಸಿಕೊಂಡು ಮನೆಗೆ ಮರಳಿದರು. ತಿಂಗಳುಗಳ ನಂತರ ಒಬ್ಬ ಅತಿಥಿಗೂ ಮನೆಯವರಿಗೂ ರಾತ್ರಿಯೂಟ ಮಾಡಲು ಹೊರಟರು. ಎಲ್ಲ ಸಾಮಾನೂ ಅಡುಗೆಮನೆಯಲ್ಲಿತ್ತು. ಒಲೆಯ ಮೇಲೆ ಒಂದೆರಡು ಪಾತ್ರೆ ಏರಿದ್ದವು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಹೊಂದದೆ ಅವರು ಕಂಗಾಲಾಗಿ ನಿಂತಿದ್ದರು. ಮಾತು, ನೆನಪು, ಪ್ರೀತಿ ಎಲ್ಲವೂ ಇತ್ತು, ಕೆಲಸವನ್ನು ಅನುಕ್ರಮವಾಗಿ ಜೋಡಿಸುವ ಶಕ್ತಿ ಹೋಗಿತ್ತು. ಈ ಊಟದ ಪ್ರಸಂಗವನ್ನು ಪೆನ್‌ಫೀಲ್ಡ್ 1935ರ ಪ್ರಬಂಧದಲ್ಲಿ ದಾಖಲಿಸಿದರು. ಮಿದುಳಿನ ಮುಂಭಾಗ ಏನು ಮಾಡುತ್ತದೆ ಎಂಬುದಕ್ಕೆ ಅದು ಇಂದಿಗೂ ಉದಾಹರಣೆ. ಅಕ್ಕನ ಅಡುಗೆಮನೆಯ ಸಂಕಟವನ್ನು ವೈದ್ಯಕೀಯ ಭಾಷೆಯಲ್ಲಿ ಬರೆಯುವಾಗ ಆ ತಮ್ಮನಿಗೆ ಏನನ್ನಿಸಿರಬೇಕು ಎಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಬೆಲೆ ತೆತ್ತವರು ಅಮೆರಿಕದ ಕನೆಕ್ಟಿಕಟ್‌ನ ಹೆನ್ರಿ ಮೊಲೈಸನ್. ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದ ಅವರಿಗೆ ಸೆಳವು ಎಷ್ಟು ಹೆಚ್ಚಿತೆಂದರೆ ಕೆಲಸ ಬಿಡಬೇಕಾಯಿತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ಅವರ ಮಿದುಳಿನ ಎರಡೂ ಬದಿಗಳಿಂದ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳನ್ನು ತೆಗೆದರು. ಅದು ಪ್ರಯೋಗವೆಂದು ಸ್ಕೊವಿಲ್ ತಾವೇ ಬರೆದಿದ್ದಾರೆ. ಹೆನ್ರಿಯೂ ಮನೆಯವರೂ ಒಪ್ಪಿದ್ದರು. ಏನನ್ನು ಕಳೆದುಕೊಳ್ಳಲಿದ್ದಾರೆ ಎಂಬುದು ಮಾತ್ರ ಒಪ್ಪಿದವರಿಗೂ ಗೊತ್ತಿರಲಿಲ್ಲ, ಕತ್ತಿ ಹಿಡಿದವರಿಗೂ ಗೊತ್ತಿರಲಿಲ್ಲ.

ಸೆಳವು ತಗ್ಗಿತು. ಆದರೆ ಆ ದಿನದ ನಂತರ ನಡೆದ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಬಾಲ್ಯ ನೆನಪಿತ್ತು, ಬುದ್ಧಿ ಚುರುಕಾಗಿತ್ತು. ಈಗಷ್ಟೇ ಮಾತಾಡಿ ಎದ್ದು ಹೋದವರು ಮತ್ತೆ ಒಳಗೆ ಬಂದರೆ ಹೊಸಬರು. ಮಾಂಟ್ರಿಯಲ್‌ನಿಂದ ಅವರನ್ನು ಪರೀಕ್ಷಿಸಲು ಬಂದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಒಂದು ಆಟ ಕೊಟ್ಟರು: ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯನ್ನು ತಿದ್ದುವುದು. ದಿನದಿಂದ ದಿನಕ್ಕೆ ಹೆನ್ರಿಯ ಕೈ ಪಳಗಿತು, ಆದರೆ ಈ ಆಟವನ್ನು ಹಿಂದೆ ಆಡಿದ್ದೇ ಅವರಿಗೆ ತಿಳಿದಿರಲಿಲ್ಲ. ಕೈ ಕಲಿಯುವ ನೆನಪು ಬೇರೆ, ಮನಸ್ಸು ಹೇಳಿಕೊಳ್ಳುವ ನೆನಪು ಬೇರೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಸ್ಕೊವಿಲ್ ಮತ್ತು ಮಿಲ್ನರ್ 1957ರಲ್ಲಿ ಪ್ರಕಟಿಸಿದ ಪ್ರಬಂಧ ನೆನಪಿನ ವಿಜ್ಞಾನಕ್ಕೆ ಅಡಿಪಾಯವಾಯಿತು. ಎರಡೂ ಬದಿಯನ್ನು ತೆಗೆಯಬೇಡಿ ಎಂದು ಸ್ಕೊವಿಲ್ ಇತರ ವೈದ್ಯರನ್ನು ಎಚ್ಚರಿಸಿದರು. 2008ರಲ್ಲಿ ಸಾಯುವವರೆಗೂ ಹೆನ್ರಿ ವಿಜ್ಞಾನಕ್ಕೆ ‘ಎಚ್.ಎಂ.’ ಎಂಬ ಎರಡಕ್ಷರ ಮಾತ್ರ. ಸತ್ತ ಮೇಲೆ ಹೆಸರು ಹೊರಬಂತು, ಮಿದುಳು 2401 ತೆಳು ಪದರಗಳಾಯಿತು. ನಮ್ಮ ಪ್ರಾಚೀನರು ಈ ರೋಗಕ್ಕೆ ಸ್ಮೃತಿ ತಪ್ಪುವುದು ಎಂದು ಹೆಸರಿಟ್ಟರು. ಹೆನ್ರಿಯ ಸ್ಮೃತಿಯನ್ನು ಒಯ್ದದ್ದು ರೋಗವಲ್ಲ, ಚಿಕಿತ್ಸೆ.

ಮಾಂಟ್ರಿಯಲ್‌ನ ಪಾಠ ಭಾರತಕ್ಕೆ ನೇರವಾಗಿಯೇ ಬಂತು. ಪೆನ್‌ಫೀಲ್ಡ್ ಬಳಿ ತರಬೇತಾದ ಕೇರಳ ಮೂಲದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. 1952ರಲ್ಲಿ ಅಲ್ಲಿ, ಎಳವೆಯಿಂದಲೇ ದೇಹದ ಒಂದು ಪಕ್ಕ ಸ್ವಾಧೀನ ತಪ್ಪಿದ್ದ 19ರ ತರುಣನಿಗೆ ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯಿತು. 1990ರ ದಶಕದ ನಡುವಿನಿಂದ ತಿರುವನಂತಪುರದ ಶ್ರೀ ಚಿತ್ರಾ ಮತ್ತು ದೆಹಲಿಯ ಏಮ್ಸ್ ಇದನ್ನು ನಿರಂತರ ಕಾರ್ಯಕ್ರಮವಾಗಿಸಿದವು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆಯುತ್ತದೆ.

ಕರ್ನಾಟಕದ ಕೊಡುಗೆ ಇನ್ನೊಂದು ಬಗೆಯದು. ತಲೆಗೆ ಬಿಸಿನೀರು ಹುಯ್ದುಕೊಂಡರೆ ಸೆಳವು ಬರುತ್ತದೆ ಎಂದು ಇಲ್ಲಿಯ ಕೆಲವು ರೋಗಿಗಳು ಹೇಳುತ್ತಿದ್ದರು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಆ ಮಾತನ್ನು ತಳ್ಳಿಹಾಕದೆ 1968ರಲ್ಲಿ ವರದಿ ಮಾಡಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಅಂಥ 279 ಜನರ ವಿವರ ಪ್ರಕಟಿಸಿದರು. ಆದರೆ ರೋಗಿ ಬಾಯಿಬಿಟ್ಟು ಹೇಳಿದರೆ ತಾನೇ ವೈದ್ಯರು ಕೇಳುವುದು? 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯಿದೆ ಪದೇ ಪದೇ ಬರುವ ಅಪಸ್ಮಾರವನ್ನು ಹುಚ್ಚಿನ ಜೊತೆಗಿಟ್ಟು ಮದುವೆಗೆ ಅಡ್ಡಿ ಎಂದಿತ್ತು. ಆ ಪದವನ್ನು ತೆಗೆದದ್ದು 1999ರಲ್ಲಿ. ಕಾನೂನು ಬದಲಾದರೂ ಹೆಣ್ಣುಮಗಳಿಗೆ ಫಿಟ್ಸ್ ಇದೆ ಎಂಬುದನ್ನು ಮುಚ್ಚಿಡುವ ಮನೆಗಳು ಕಡಿಮೆಯಾಗಿಲ್ಲ. ಮುಚ್ಚಿಟ್ಟ ಮನೆಯಲ್ಲಿ ಮೊದಲ ಮಾತ್ರೆಯೇ ತಡ, ಶಸ್ತ್ರಚಿಕಿತ್ಸೆಯ ಮಾತು ದೂರ.

2001ರಲ್ಲಿ ಎರಡು ಅಧ್ಯಯನಗಳು ಹೊರಬಂದವು. ಒಂದು ಡಾ. ಮಣಿಯವರದು. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಫಿನೊಬಾರ್ಬಿಟೋನ್, ಫೆನಿಟಾಯ್ನ್‌ನಂಥ ಹಳೆಯ ಅಗ್ಗದ ಮಾತ್ರೆಗಳನ್ನೇ ಜನರಿಗೆ ಹತ್ತಿರದಲ್ಲಿ ತಪ್ಪದೆ ಸಿಗುವಂತೆ ಮಾಡಿದರೆ ಬಹಳ ಮಂದಿಯ ಸೆಳವು ಹತೋಟಿಗೆ ಬರುತ್ತದೆ ಎಂದು ಅದು ತೋರಿಸಿತು. ಇನ್ನೊಂದು ಕೆನಡಾದ್ದು. ಮಾತ್ರೆಗೆ ಬಗ್ಗದ 80 ಜನರನ್ನು ಅಲ್ಲಿ ಎರಡು ಗುಂಪು ಮಾಡಿದ್ದರು. ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 58ರಷ್ಟು ಜನರಲ್ಲಿ ಪ್ರಜ್ಞೆ ತಪ್ಪಿಸುವ ಸೆಳವು ನಿಂತಿತ್ತು, ಔಷಧಿಯ ಗುಂಪಿನಲ್ಲಿ ಶೇ. 8. ಔಷಧಿಯ ಗುಂಪಿನಲ್ಲಿ ಒಬ್ಬರು ಸತ್ತರು. ಒಂದು ಅಧ್ಯಯನ ಮಾತ್ರೆ ಸಿಗದವರ ಬಗ್ಗೆ, ಇನ್ನೊಂದು ಮಾತ್ರೆ ಸಾಲದವರ ಬಗ್ಗೆ. ಎರಡನ್ನೂ ಒಟ್ಟಿಗೆ ಓದಿದರೆ ನಮ್ಮ ಸ್ಥಿತಿ ಕಾಣುತ್ತದೆ.

ಇಂದು ಕತ್ತಿ ಹಾರ್ಸ್ಲಿಯ ಕಾಲದಷ್ಟು ಕುರುಡಲ್ಲ. ಎಂಆರ್‌ಐ ಒಳಗಿನ ಕಲೆಯನ್ನು ತೋರಿಸುತ್ತದೆ. ಸೆಳವು ಬರುವಾಗ ಇಇಜಿಯೂ ಕ್ಯಾಮೆರಾವೂ ಒಟ್ಟಿಗೆ ಓಡುತ್ತವೆ. ಒಂದು ಬದಿಯ ಹಿಪೊಕ್ಯಾಂಪಸ್ ತೆಗೆಯುವ ಮೊದಲು ಇನ್ನೊಂದು ಬದಿ ನೆನಪನ್ನು ಹೊರಬಲ್ಲದೇ ಎಂದು ಪರೀಕ್ಷಿಸುತ್ತಾರೆ. ಆ ಪ್ರಶ್ನೆ ಕೇಳಲು ಕಲಿಸಿದವರು ಹೆನ್ರಿ. ಮಾತಿನ ಜಾಗದ ಹತ್ತಿರ ಕತ್ತಿ ಹೋಗಬೇಕಾದರೆ ಇಂದಿಗೂ ರೋಗಿಯನ್ನು ಎಬ್ಬಿಸಿ ಮಾತಾಡಿಸುತ್ತಾರೆ. ಎರಡು ಮೂರು ಭಾಷೆ ಆಡುವವರಾದರೆ ಒಂದೊಂದು ಭಾಷೆಯನ್ನೂ ನೋಡಬೇಕು, ಎಲ್ಲವೂ ಒಂದೇ ಚುಕ್ಕೆಯಲ್ಲಿ ಕೂತಿರುವುದಿಲ್ಲ.

2017ರಲ್ಲಿ ದೆಹಲಿಯ ಏಮ್ಸ್ ವೈದ್ಯರು 116 ಮಕ್ಕಳ ಅಧ್ಯಯನ ಪ್ರಕಟಿಸಿದರು. ಎಲ್ಲರದೂ ಔಷಧಿಗೆ ಬಗ್ಗದ ಅಪಸ್ಮಾರ. ಶಸ್ತ್ರಚಿಕಿತ್ಸೆ ಪಡೆದ 57 ಮಕ್ಕಳಲ್ಲಿ 44 ಮಕ್ಕಳಿಗೆ ವರ್ಷದ ಕೊನೆಗೆ ಸೆಳವು ಇರಲಿಲ್ಲ. ಬೆಲೆಯೂ ಇತ್ತು: ಮೂವರಲ್ಲಿ ಒಬ್ಬರಿಗೆ ಗಂಭೀರ ತೊಂದರೆ, ಹೆಚ್ಚಿನವರಿಗೆ ಕೈಕಾಲಿನ ಬಲಹೀನತೆ. ಅದನ್ನು ಮೊದಲೇ ತಿಳಿದು, ತೂಗಿ ನೋಡಿ ತಂದೆತಾಯಿ ಒಪ್ಪಬಹುದಾಗಿತ್ತು. ಹೆನ್ರಿಯ ಮನೆಯವರಿಗೆ ಆ ತಕ್ಕಡಿಯೇ ಸಿಕ್ಕಿರಲಿಲ್ಲ. ಹೋಲಿಕೆಗೆಂದು ಬರಿಯ ಔಷಧಿಯ ಮೇಲಿದ್ದವರು 59 ಮಕ್ಕಳು. ಅವರಲ್ಲಿ ಸೆಳವು ನಿಂತದ್ದು ನಾಲ್ವರಿಗೆ. ಆ 59 ಮಕ್ಕಳು ವರ್ಷವಿಡೀ ಇದ್ದದ್ದು ಶಸ್ತ್ರಚಿಕಿತ್ಸೆಗೆ ಕಾಯುವವರ ಪಟ್ಟಿಯಲ್ಲಿ. ನಕ್ಷೆ ಬರೆಸಿದವರ ಋಣವನ್ನು ನಾವು ತೀರಿಸಿದ್ದೇವೆಯೇ ಎಂದು ನೋಡಬೇಕಾದರೆ, ನನಗನ್ನಿಸುತ್ತದೆ, ಆ ಪಟ್ಟಿ ಎಷ್ಟು ಉದ್ದವಿದೆ ಎಂದು ನೋಡಬೇಕು.